ಗೈಡ್ ಹೇಳಿದ ಟೈಮ್ ಬೇರೆ, ಟಿವಿಲಿ ಬಂದ ಟೈಮ್ ಬೇರೆ: ಕಂಪ್ಯೂಟರ್ ಟಿವಿಯಲ್ಲಿ ಇಪಿಜಿ ಬಳಸೋದು ಹೇಗೆ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತಿನ ವಿಷಯ ಇಪಿಜಿ, ಅಂದ್ರೆ ಎಲೆಕ್ಟ್ರಾನಿಕ್ ಪ್ರೋಗ್ರಾಂ ಗೈಡ್. ರಿಮೋಟಲ್ಲಿ ‘ಗೈಡ್’ ಬಟನ್ ಒತ್ತಿದ್ರೆ ಒಂದು ಪಟ್ಟಿ ಬರುತ್ತಲ್ಲ, ಎಡಗಡೆ ಚಾನೆಲ್ ಹೆಸರು, ಮೇಲೆ ಟೈಮ್, ಮಧ್ಯೆ ಕಾರ್ಯಕ್ರಮಗಳ ಚೌಕಗಳು, ಅದೇ ಇದು. ನಿಮ್ಮ ಫೋನಿನ ಲೈವ್ ಟಿವಿ ಆ್ಯಪ್‌ನಲ್ಲೂ ಇರುತ್ತೆ. ಕಂಪ್ಯೂಟರಲ್ಲಿ ಟಿವಿ ನೋಡೋ ತಂತ್ರಾಂಶಗಳಲ್ಲಂತೂ ಇದೇ ಮುಖ್ಯ. ಯಾಕಂದ್ರೆ ಅಲ್ಲಿ ಆ ಚೌಕದ ಮೇಲೆ ಕ್ಲಿಕ್ ಮಾಡಿದ್ರೆ ಕಾರ್ಯಕ್ರಮ ರೆಕಾರ್ಡ್ ಆಗುತ್ತೆ.

ಆಗುತ್ತೆ ಅಂತ ನಾನೂ ನಂಬಿದ್ದೆ.

ನಮ್ಮ ದೊಡ್ಡಮ್ಮ ಮಂಡ್ಯ ಕಡೆಯವರು. ಮದುವೆ ಮನೆಗಳಲ್ಲಿ ಸೋಬಾನೆ ಪದ ಹಾಡೋ ಏಳೆಂಟು ಹೆಂಗಸರ ಗುಂಪು ಅವರದು. ಒಂದು ಸಲ ಒಂದು ಕನ್ನಡ ಚಾನೆಲ್ಲಿನವರು ಅವರನ್ನ ಕರೆಸಿ ಅರ್ಧ ಗಂಟೆ ಕಾರ್ಯಕ್ರಮ ಮಾಡಿದ್ರು. ದೊಡ್ಡಮ್ಮ ಫೋನ್ ಮಾಡಿದ್ರು: ‘ಮಗ, ನಮ್ ಪದ ಟಿವಿಲಿ ಬತ್ತದಂತೆ ಕಣಪ್ಪ. ಭಾನುವಾರ ನಾಲ್ಕೂವರೆಗೆ. ನಿನ್ ಕಂಪ್ಯೂಟ್ರಲ್ಲಿ ಹಿಡ್ದು ಮಡಗ್ತೀಯಾ?’ ‘ಅದೇನ್ ದೊಡ್ಡ ಕೆಲಸ ದೊಡ್ಡಮ್ಮ, ಮಡಗ್ತೀನಿ ಬಿಡಿ’ ಅಂದೆ.

ನನ್ನ ಹತ್ತಿರ ಇದ್ದದ್ದು ತಾರಸಿ ಮೇಲೊಂದು ಡಿಶ್, ಲ್ಯಾಪ್‌ಟಾಪಿಗೆ ಚುಚ್ಚೋ ಒಂದು ಯುಎಸ್‌ಬಿ ಟ್ಯೂನರ್, ಮತ್ತೆ ಉಚಿತವಾಗಿ ಸಿಗೋ ಒಂದು ಟಿವಿ ತಂತ್ರಾಂಶ. ಭಾನುವಾರ ನಾಲ್ಕು ಗಂಟೆಗೆ ಗೈಡ್ ತೆರೆದೆ. ‘ಮುಂದಿನ ಕಾರ್ಯಕ್ರಮ: 4:30ರಿಂದ 5:00’ ಅಂತ ಇತ್ತು. ಅದರ ಮೇಲೆ ಕ್ಲಿಕ್ ಮಾಡಿ ರೆಕಾರ್ಡ್ ಒತ್ತಿ, ಕಾಫಿ ಕುಡಿಯೋಕೆ ಹೊರಗೆ ಹೋದೆ. ಹಿಂದಿನ ಕಾರ್ಯಕ್ರಮ ನೇರಪ್ರಸಾರ. ಅದು ಎಳೆದುಕೊಂಡು ಹೋಗಿ, ದೊಡ್ಡಮ್ಮನ ಕಾರ್ಯಕ್ರಮ ಶುರುವಾದದ್ದೇ 4:42ಕ್ಕೆ. ನನ್ನ ಕಂಪ್ಯೂಟರ್ ಮಾತ್ರ ಶಿಸ್ತಾಗಿ 5:00ಕ್ಕೆ ನಿಂತುಬಿಟ್ಟಿತ್ತು. ಫೈಲಿನ ಮೊದಲ 12 ನಿಮಿಷ ಬೇರೆ ಯಾರದೋ ಭಾಷಣ, ಕೊನೆಯ 12 ನಿಮಿಷದ ಹಾಡು ಇಲ್ಲವೇ ಇಲ್ಲ. ಆ ಕೊನೇ ಪದ ಹಾಡಿದ್ದು ಗುಂಪಿನ ಹಿರಿಯಜ್ಜಿ. ಕಾರ್ಯಕ್ರಮದ ಚಿತ್ರೀಕರಣ ಆದಮೇಲೆ ಅವರು ಹಾಸಿಗೆ ಹಿಡಿದಿದ್ರು. ಮತ್ತೆ ಹಾಡೋದು ಕಷ್ಟ ಅಂತ ಎಲ್ಲರಿಗೂ ಗೊತ್ತಿತ್ತು.

ದೊಡ್ಡಮ್ಮ ನೋಡಿ ಹೇಳಿದ್ದು ಒಂದೇ ಮಾತು: ‘ಅಜ್ಜಿ ಪದನೇ ಇಲ್ವಲ್ಲೋ ಮಗ.’

ಆಮೇಲೆ ನಾನು ಈ ಇಪಿಜಿ ಅನ್ನೋದು ನಿಜಕ್ಕೂ ಏನು ಅಂತ ಕೂತು ಓದಿದೆ. ಅದನ್ನೇ ಇವತ್ತು ನಿಮಗೆ ಹೇಳ್ತೀನಿ.

ಗೈಡ್ ಬರೋದು ಎಲ್ಲಿಂದ?

ಮೊದಲು ಒಂದು ವಿಷಯ ತಲೆಯಲ್ಲಿಟ್ಟುಕೊಳ್ಳಿ. ಗೈಡ್ ಅನ್ನೋದು ಟಿವಿ ಅಲ್ಲ. ಅದು ಟಿವಿ ಬಗ್ಗೆ ಯಾರೋ ಮುಂಚೆಯೇ ಬರೆದಿಟ್ಟ ಮಾಹಿತಿ. ಹಳೇ ದಿನಪತ್ರಿಕೆಗಳಲ್ಲಿ ‘ಇಂದು ಟಿವಿಯಲ್ಲಿ’ ಅಂತ ಒಂದು ಕಾಲಂ ಬರ್ತಿತ್ತು. ನಿಮ್ಮ ಮನೆಯಲ್ಲಿ ದೊಡ್ಡವರನ್ನ ಕೇಳಿ, ನೆನಪಿರುತ್ತೆ. ಪತ್ರಿಕೆಯಲ್ಲಿ ಹಾಕಿದ್ದಾರೆ ಅನ್ನೋ ಕಾರಣಕ್ಕೆ ಸಿನಿಮಾ ಸರಿಯಾದ ಟೈಮಿಗೆ ಶುರುವಾಗ್ತಿರಲಿಲ್ಲ. ಇಪಿಜಿನೂ ಅಷ್ಟೇ, ಕಾಗದದ ಬದಲು ತೆರೆಯ ಮೇಲೆ ಬಂದಿದೆ. ಅಮೆರಿಕದಲ್ಲಿ 1981ರಲ್ಲೇ ಕೇಬಲ್ ಟಿವಿಯಲ್ಲಿ ಇದಕ್ಕೆಂದೇ ಒಂದು ಚಾನೆಲ್ ಇತ್ತು. ಪಟ್ಟಿ ತಾನಾಗೇ ಮೇಲೆ ಸರಿಯುತ್ತಿತ್ತು. ನಿಮ್ಮ ಚಾನೆಲ್ ಹೆಸರು ಬರೋವರೆಗೂ ಕಾಯ್ಕೊಂಡು ಕೂರಬೇಕಿತ್ತು.

ಈಗ ಕಂಪ್ಯೂಟರ್ ಟಿವಿಗೆ ಈ ಮಾಹಿತಿ ಎರಡು ದಾರಿಯಲ್ಲಿ ಬರುತ್ತೆ.

ಒಂದನೇ ದಾರಿ, ಟಿವಿ ಸಿಗ್ನಲ್ ಒಳಗೇ. ಭಾರತದ ಡಿಶ್ ಪ್ರಸಾರಗಳು ಡಿವಿಬಿ ಅನ್ನೋ ಮಾನದಂಡದ ಪ್ರಕಾರ ನಡೆಯುತ್ತವೆ. ಚಿತ್ರ, ಧ್ವನಿ ಬರೋ ಅದೇ ಹರಿವಿನಲ್ಲಿ ಇಐಟಿ ಅನ್ನೋ ಕೋಷ್ಟಕಗಳೂ ಮತ್ತೆ ಮತ್ತೆ ಬರ್ತಾ ಇರುತ್ತವೆ. ಅದರಲ್ಲಿ ಎರಡು ಬಗೆ. ಒಂದು ‘ಈಗ–ಮುಂದೆ’, ಅಂದ್ರೆ ಈಗ ನಡೀತಿರೋದು ಮತ್ತು ಅದರ ನಂತರದ ಒಂದೇ ಒಂದು ಕಾರ್ಯಕ್ರಮ. ಇನ್ನೊಂದು ‘ಶೆಡ್ಯೂಲ್’, ಅಂದ್ರೆ ಮುಂದಿನ ದಿನಗಳ ಪೂರ್ತಿ ಪಟ್ಟಿ. ಮಾನದಂಡದ ಪ್ರಕಾರ 64 ದಿನಗಳವರೆಗೂ ಕಳಿಸಬಹುದು. ಆದರೆ ಎಷ್ಟು ದಿನದ್ದು ಕಳಿಸಬೇಕು ಅನ್ನೋದು ಪ್ರಸಾರ ಮಾಡೋರಿಗೆ ಬಿಟ್ಟದ್ದು. ಕೆಲವು ಚಾನೆಲ್‌ಗಳಲ್ಲಿ ಒಂದು ವಾರದ್ದು ಸಿಗುತ್ತೆ, ಕೆಲವರಲ್ಲಿ ‘ಈಗ–ಮುಂದೆ’ ಮಾತ್ರ. ನಿಮ್ಮ ಗೈಡಿನಲ್ಲಿ ಒಂದು ಚಾನೆಲ್ಲಿಗೆ ಎರಡೇ ಚೌಕ ಕಾಣಿಸಿ ಉಳಿದದ್ದು ಖಾಲಿ ಇದ್ರೆ ತಂತ್ರಾಂಶ ಕೆಟ್ಟಿದೆ ಅಂತ ಬೈಯಬೇಡಿ. ಬರ್ತಿರೋದೇ ಅಷ್ಟು.

ಇನ್ನೊಂದು ವಿಷಯ. ಟ್ಯೂನರ್ ಒಂದು ಹೊತ್ತಿಗೆ ಒಂದೇ ಫ್ರೀಕ್ವೆನ್ಸಿ ಹಿಡಿಯುತ್ತೆ. ಆದ್ದರಿಂದ ಬೇರೆ ಫ್ರೀಕ್ವೆನ್ಸಿಯ ಚಾನೆಲ್‌ಗಳ ಪಟ್ಟಿ ತುಂಬಬೇಕಾದ್ರೆ ಸಾಮಾನ್ಯವಾಗಿ ಅಲ್ಲಿಗೂ ಒಮ್ಮೆ ಹೋಗಿಬರಬೇಕು. ಹೊಸದಾಗಿ ಹಾಕಿದ ತಂತ್ರಾಂಶದಲ್ಲಿ ಗೈಡ್ ಅರ್ಧಂಬರ್ಧ ಕಾಣೋದಕ್ಕೆ ಇದೂ ಒಂದು ಕಾರಣ. ಒಂದೊಂದು ಚಾನೆಲ್ ಹಾಕಿ ಸ್ವಲ್ಪ ಹೊತ್ತು ಬಿಡಿ, ತುಂಬ್ತಾ ಹೋಗುತ್ತೆ.

ಎರಡನೇ ದಾರಿ ಇಂಟರ್ನೆಟ್. ಇಲ್ಲಿ ಹೆಚ್ಚಾಗಿ ಬಳಕೆಯಲ್ಲಿರೋದು ಎಕ್ಸ್‌ಎಂಎಲ್‌ಟಿವಿ ಅನ್ನೋ ಫೈಲ್. ಇದು ಬರೀ ಅಕ್ಷರಗಳ ಫೈಲ್, ನೋಟ್‌ಪ್ಯಾಡಿನಲ್ಲೂ ತೆರೆಯಬಹುದು. ಪ್ರತಿ ಕಾರ್ಯಕ್ರಮಕ್ಕೂ ಚಾನೆಲ್ ಯಾವುದು, ಶುರು ಯಾವಾಗ, ಮುಗಿಯೋದು ಯಾವಾಗ, ಹೆಸರೇನು ಅಂತ ಬರೆದಿರುತ್ತೆ. ನೆಕ್ಸ್ಟ್‌ಪಿವಿಆರ್, ಟಿವಿಹೆಡೆಂಡ್, ಕೋಡಿಯ ಐಪಿಟಿವಿ ಆಡ್‌ಆನ್ ಎಲ್ಲವೂ ಇದನ್ನ ಓದುತ್ತವೆ. ಯಾವ ತಂತ್ರಾಂಶ ಬೇಕು ಅನ್ನೋದು ನಿಮ್ಮ ಕೆಲಸದ ಮೇಲೆ ನಿಂತಿದೆ. ವಿಎಲ್‌ಸಿಯಲ್ಲಿ ಸಿಗ್ನಲ್ ಜೊತೆ ಬರೋ ಪಟ್ಟಿ ನೋಡಬಹುದು ಅಷ್ಟೇ. ಪಟ್ಟಿಯಿಂದ ಆರಿಸಿ ರೆಕಾರ್ಡ್ ಮಾಡಬೇಕು ಅಂದ್ರೆ ನೆಕ್ಸ್ಟ್‌ಪಿವಿಆರ್ ಅಥವಾ ಟಿವಿಹೆಡೆಂಡ್ ಥರದ್ದು ಬೇಕು.

ಗೈಡ್ ಮಾಹಿತಿ ಬೇರೆಯವರದ್ದು ಅಂತ ಯಾಕೆ ಒತ್ತಿ ಹೇಳ್ತಿದೀನಿ ಅಂದ್ರೆ, ಅವರು ನಿಲ್ಲಿಸಿದ್ರೆ ನಿಮ್ಮದೂ ನಿಂತಹಾಗೆ. ಮೈಕ್ರೋಸಾಫ್ಟಿನ ವಿಂಡೋಸ್ ಮೀಡಿಯಾ ಸೆಂಟರ್ ಒಂದು ಕಾಲಕ್ಕೆ ಕಂಪ್ಯೂಟರ್ ಟಿವಿ ಅಂದ್ರೆ ನೆನಪಾಗ್ತಿದ್ದ ಹೆಸರು. 2015ರ ವಿಂಡೋಸ್ 10ರಲ್ಲಿ ಅದನ್ನ ಕೈಬಿಟ್ರು. ಹಳೇ ವಿಂಡೋಸ್‌ನಲ್ಲೇ ಉಳಿಸ್ಕೊಂಡು ಬಳಸ್ತಿದ್ದೋರಿಗೆ 2020ರ ಜನವರಿಯಲ್ಲಿ ಗೈಡ್ ಮಾಹಿತಿಯೂ ನಿಂತಿತು. ತಂತ್ರಾಂಶ ತೆರೆಯುತ್ತೆ, ಚಾನೆಲ್ಲೂ ಬರುತ್ತೆ. ಆದರೆ ಪಟ್ಟಿಯೇ ಇಲ್ಲದ ಮೇಲೆ ‘ಈ ಧಾರಾವಾಹಿಯ ಎಲ್ಲ ಕಂತು ಹಿಡಿ’ ಅಂತ ಹೇಳೋದು ಹೇಗೆ?

ಮರುಪ್ರಸಾರ ಹುಡುಕಿದ ಕಥೆ

ಸರಿ, ನನ್ನ ಕಥೆಗೆ ಬರೋಣ. ಕಾರ್ಯಕ್ರಮದ ಮರುಪ್ರಸಾರ ಆ ವಾರದಲ್ಲೇ ಇದೆ ಅಂತ ದೊಡ್ಡಮ್ಮನಿಗೆ ಯಾರೋ ಹೇಳಿದ್ರಂತೆ. ಯಾವತ್ತು, ಎಷ್ಟು ಹೊತ್ತಿಗೆ ಅಂತ ಗೊತ್ತಿಲ್ಲ. ಆ ಚಾನೆಲ್ಲಿಗೆ ನನ್ನ ಡಿಶ್‌ನಲ್ಲಿ ಬರ್ತಿದ್ದದ್ದು ‘ಈಗ–ಮುಂದೆ’ ಮಾತ್ರ. ಹಾಗಾಗಿ ಇಂಟರ್ನೆಟ್ಟಿಂದ ಒಂದು ಎಕ್ಸ್‌ಎಂಎಲ್‌ಟಿವಿ ಫೈಲ್ ಇಳಿಸಿ ತಂತ್ರಾಂಶಕ್ಕೆ ಕೊಟ್ಟೆ.

ಮೊದಲ ತೊಂದರೆ: ‘ಮಾಹಿತಿ ಇಲ್ಲ’ ಅಂತ ಬಂತು. ಕಾರಣ ಚಾನೆಲ್ ಹೊಂದಾಣಿಕೆ. ಫೈಲಿನಲ್ಲಿ ಪ್ರತಿ ಚಾನೆಲ್ಲಿಗೂ ಒಂದು ಐಡಿ ಇರುತ್ತೆ. ನಿಮ್ಮ ಪಟ್ಟಿಯ ಚಾನೆಲ್ ಮತ್ತು ಆ ಐಡಿ ಎರಡೂ ಒಂದೇ ಅಂತ ತಂತ್ರಾಂಶಕ್ಕೆ ಹೇಳಿಕೊಡಬೇಕು. ಹೆಸರಿನಲ್ಲಿ ಒಂದು ಖಾಲಿ ಜಾಗ, ಒಂದು ‘ಎಚ್‌ಡಿ’ ವ್ಯತ್ಯಾಸ ಇದ್ದರೂ ತಾನಾಗೇ ಹೊಂದಲ್ಲ. ಸೆಟ್ಟಿಂಗ್ಸ್‌ನಲ್ಲಿ ಚಾನೆಲ್‌ಗಳ ಪಟ್ಟಿಗೆ ಹೋಗಿ, ನನ್ನ ಚಾನೆಲ್ ಎದುರಿಗೆ ಫೈಲಿನ ಸರಿಯಾದ ಚಾನೆಲ್ ಆರಿಸಿದೆ. ಪಟ್ಟಿ ಬಂತು.

ಎರಡನೇ ತೊಂದರೆ ಹುಡುಕಾಟದ್ದು. ‘ಸೋಬಾನೆ’ ಅಂತ ಕನ್ನಡದಲ್ಲಿ ಟೈಪ್ ಮಾಡಿದೆ, ಏನೂ ಸಿಗಲಿಲ್ಲ. ಯಾಕಂದ್ರೆ ಕನ್ನಡ ಕಾರ್ಯಕ್ರಮಗಳ ಹೆಸರು ಗೈಡಿನಲ್ಲಿ ಹೆಚ್ಚಾಗಿ ಇಂಗ್ಲಿಷ್ ಅಕ್ಷರದಲ್ಲೇ ಇರುತ್ತೆ, ಕಾಗುಣಿತ ಒಬ್ಬೊಬ್ಬರದ್ದು ಒಂದೊಂದು ಥರ. ‘ಬಾ’ಗೆ ಒಬ್ಬರು ಒಂದು ಎ ಹಾಕಿದ್ರೆ ಇನ್ನೊಬ್ಬರು ಎರಡು ಹಾಕ್ತಾರೆ. ಕೆಲವರು ಶೋಬಾನೆ ಅಂತಲೂ ಬರೀತಾರೆ. ಅದಕ್ಕೆ ಪೂರ್ತಿ ಪದ ಹುಡುಕಬೇಡಿ. ಎಲ್ಲ ಕಾಗುಣಿತದಲ್ಲೂ ಇರೋ ಮೂರ್ನಾಲ್ಕು ಅಕ್ಷರ ಮಾತ್ರ ಹಾಕಿ. ನಾನು ಒ, ಬಿ, ಎ ಅಂತ ಮೂರೇ ಇಂಗ್ಲಿಷ್ ಅಕ್ಷರ ಹಾಕಿದೆ. ಬೇಡದ ಹತ್ತಾರು ಹೆಸರುಗಳ ನಡುವೆ ಬೇಕಾದ್ದು ಸಿಕ್ಕಿತು: ಗುರುವಾರ ಬೆಳಿಗ್ಗೆ 11:00.

ಸಿಕ್ತು ಅಂತ ರೆಕಾರ್ಡ್ ಒತ್ತೋಕೆ ಹೋದವನು, ಭಾನುವಾರದ ಭಯಕ್ಕೆ ಒಮ್ಮೆ ಪಟ್ಟಿ ಪೂರ್ತಿ ನೋಡಿದೆ. ಅಲ್ಲೊಂದು ವಿಚಿತ್ರ. ರಾತ್ರಿ 12:30ಕ್ಕೆ ‘ಸಂಜೆ 7ರ ವಾರ್ತೆ’ ಅಂತ ಇತ್ತು!

ನೋಡಿ, ಇಡೀ ಸಂಚಿಕೆಯಲ್ಲಿ ಇದೊಂದನ್ನ ಮರೀಬೇಡಿ. ಏಳಕ್ಕೂ ಹನ್ನೆರಡೂವರೆಗೂ ಎಷ್ಟು ವ್ಯತ್ಯಾಸ? ಐದೂವರೆ ಗಂಟೆ. ಐದೂವರೆ ಅಂದ ಕೂಡಲೇ ಭಾರತೀಯ ಕಾಲಮಾನ ನೆನಪಾಗಬೇಕು. ಯುಟಿಸಿ ಅನ್ನೋ ಜಾಗತಿಕ ಸಮಯಕ್ಕಿಂತ ನಾವು 5 ಗಂಟೆ 30 ನಿಮಿಷ ಮುಂದೆ ಇದ್ದೀವಿ. ಡಿಶ್ ಸಿಗ್ನಲ್ ಒಳಗಿನ ಗೈಡ್ ಸಮಯ ಯಾವಾಗಲೂ ಯುಟಿಸಿಯಲ್ಲೇ ಇರುತ್ತೆ, ನಿಮ್ಮ ತಂತ್ರಾಂಶ ಅದನ್ನ ಸ್ಥಳೀಯ ಸಮಯಕ್ಕೆ ಬದಲಿಸಿ ತೋರಿಸುತ್ತೆ. ಎಕ್ಸ್‌ಎಂಎಲ್‌ಟಿವಿ ಫೈಲಿನಲ್ಲಿ ವರ್ಷ, ತಿಂಗಳು, ದಿನ, ಗಂಟೆ, ನಿಮಿಷ, ಸೆಕೆಂಡು ಎಲ್ಲ ಸೇರಿಸಿ 14 ಅಂಕಿಗಳಲ್ಲಿ ಸಮಯ ಬರೆದು, ಅದರ ಮುಂದೆ ‘+0530’ ಅಂತ ಹಾಕಬೇಕು. ಅದನ್ನ ಹಾಕದೇ ಬಿಟ್ರೆ ‘ಇದು ಯುಟಿಸಿ’ ಅಂತಲೇ ಅರ್ಥ. ನನಗೆ ಸಿಕ್ಕ ಫೈಲ್ ತಯಾರಿಸಿದವರು ಭಾರತದ ಸಮಯ ಬರೆದು ಈ ಗುರುತು ಬಿಟ್ಟಿದ್ರು. ನನ್ನ ತಂತ್ರಾಂಶ ಅದನ್ನ ಯುಟಿಸಿ ಅಂತ ತಿಳಿದು, ತನ್ನ ಕಡೆಯಿಂದ ಐದೂವರೆ ಗಂಟೆ ಸೇರಿಸಿತ್ತು. ಹಾಗಾದ್ರೆ ಮರುಪ್ರಸಾರ ಇದ್ದದ್ದು 11:00ಕ್ಕಲ್ಲ, ಗುರುವಾರ ಬೆಳಗಿನ ಜಾವ 5:30ಕ್ಕೆ! 11:00ಕ್ಕೆ ಅಂತ ನಂಬಿದ್ದರೆ ಎರಡನೇ ಸಲವೂ ಕೈತಪ್ಪುತ್ತಿತ್ತು.

ಸರಿಪಡಿಸೋಕೆ ಎರಡು ದಾರಿ. ಫೈಲನ್ನ ತೆರೆದು ಸಮಯಗಳ ಮುಂದೆ ‘+0530’ ಸೇರಿಸಬಹುದು. ಅಥವಾ ತಂತ್ರಾಂಶದಲ್ಲಿ ಗೈಡ್ ಸಮಯ ಹಿಂದೆ ಮುಂದೆ ಮಾಡೋ ಆಯ್ಕೆ ಇದ್ರೆ ಅದನ್ನ ಬಳಸಬಹುದು. ಕೋಡಿಯ ಐಪಿಟಿವಿ ಆಡ್‌ಆನ್‌ನಲ್ಲಿ ಅಂಥದ್ದಿದೆ. ಇಲ್ಲಿ ಐದೂವರೆ ಗಂಟೆ ಹಿಂದಕ್ಕೆ ಹಾಕಬೇಕು. ನಾನು ಫೈಲನ್ನೇ ತಿದ್ದಿದೆ.

ಹೊರದೇಶದಲ್ಲಿ ಕೂತು ಕನ್ನಡ ಚಾನೆಲ್ ನೋಡೋರಿಗೂ ಇದೇ ಪಾಠ. ಅಮೆರಿಕದ ಬಹುಭಾಗದಲ್ಲಿ ವರ್ಷಕ್ಕೆ ಎರಡು ಸಲ ಗಡಿಯಾರ ಒಂದು ಗಂಟೆ ಆಚೀಚೆ ಮಾಡ್ತಾರೆ, ನಮ್ಮಲ್ಲಿ ಮಾಡಲ್ಲ. ಹಾಗಾಗಿ ಊರಿನ ಧಾರಾವಾಹಿ ಅಲ್ಲಿ ಚಳಿಗಾಲದಲ್ಲಿ ಒಂದು ಟೈಮಿಗೆ, ಬೇಸಿಗೆಯಲ್ಲಿ ಒಂದು ಟೈಮಿಗೆ. ಗುರುತು ಸರಿಯಾಗಿರೋ ಫೈಲ್ ಆದ್ರೆ ತಂತ್ರಾಂಶ ತಾನೇ ಲೆಕ್ಕ ಹಾಕುತ್ತೆ.

ಇದನ್ನ ಪರೀಕ್ಷೆ ಮಾಡೋದು ಬಹಳ ಸುಲಭ. ಗೈಡ್ ‘ಈಗ ಇದು ನಡೀತಿದೆ’ ಅಂತ ಏನು ತೋರಿಸುತ್ತೋ ಅದನ್ನೂ ತೆರೆ ಮೇಲೆ ನಿಜಕ್ಕೂ ಏನು ಬರ್ತಿದೆಯೋ ಅದನ್ನೂ ಹೋಲಿಸಿ. ವಾರ್ತೆ ಹೊತ್ತಿನಲ್ಲಿ ನೋಡಿದ್ರೆ ಇನ್ನೂ ಒಳ್ಳೇದು, ಅದು ಸಾಮಾನ್ಯವಾಗಿ ಹೇಳಿದ ಹೊತ್ತಿಗೇ ಬರುತ್ತೆ. ಐದು ಹತ್ತು ನಿಮಿಷ ವ್ಯತ್ಯಾಸ ಇದ್ರೆ ಪ್ರಸಾರ ತಡ ಆಗಿದೆ ಅಂದ್ಕೊಳ್ಳಿ. ಸರಿಯಾಗಿ ಐದೂವರೆ ಗಂಟೆ ಇದ್ರೆ ಕಾಲವಲಯದ ತಪ್ಪು.

ರೆಕಾರ್ಡ್ ಒತ್ತೋ ಮುಂಚೆ

ಈಗ ಭಾನುವಾರದ ತಪ್ಪಿಗೆ ಬರೋಣ. ಗೈಡಿನ ಸಮಯಕ್ಕೆ ಸರಿಯಾಗಿ ಶುರು ಮಾಡಿ ಸರಿಯಾಗಿ ನಿಲ್ಲಿಸಿದ್ದೇ ನಾನು ಮಾಡಿದ ತಪ್ಪು. ಇದಕ್ಕೇ ತಂತ್ರಾಂಶಗಳಲ್ಲಿ ‘ಪ್ಯಾಡಿಂಗ್’ ಅಂತ ಒಂದು ಸೆಟ್ಟಿಂಗ್ ಇದೆ. ಶುರುವಿಗೆ ಎಷ್ಟು ನಿಮಿಷ ಮುಂಚೆ, ಕೊನೆಗೆ ಎಷ್ಟು ನಿಮಿಷ ಹೆಚ್ಚು ಅಂತ ಹೇಳೋದು. ಧಾರಾವಾಹಿ, ಸಿನಿಮಾಕ್ಕೆ ಮುಂಚೆ 5, ಆಮೇಲೆ 10 ನಿಮಿಷ ಸಾಕು. ಅದರ ಹಿಂದೆ ನೇರಪ್ರಸಾರ ಏನಾದ್ರೂ ಇದ್ರೆ ಆಮೇಲೆ 30 ನಿಮಿಷ ಹಾಕಿ. ಕ್ರಿಕೆಟ್ ಪಂದ್ಯ ಆದ್ರೆ ಒಂದು ಗಂಟೆ ಹಾಕಿದ್ರೂ ತಪ್ಪಿಲ್ಲ, ಮಳೆ ಬಂದ್ರೆ, ಸೂಪರ್ ಓವರ್ ಆದ್ರೆ ಯಾರಿಗೆ ಗೊತ್ತು!

ಜಾಗ ಹಾಳಾಗುತ್ತೆ ಅಂತ ಜಿಪುಣತನ ಮಾಡಬೇಡಿ. ಸಾಮಾನ್ಯ ಗುಣಮಟ್ಟದ ಚಾನೆಲ್ ಸೆಕೆಂಡಿಗೆ 2.5 ಮೆಗಾಬಿಟ್ ಅಂತ ಇಟ್ಕೊಂಡ್ರೆ ಒಂದು ಗಂಟೆಗೆ ಸುಮಾರು 1.1 ಜಿಬಿ. ಹೆಚ್ಚುವರಿ ಅರ್ಧ ಗಂಟೆಗೆ ಅರ್ಧ ಜಿಬಿ ಚಿಲ್ಲರೆ. ಬೇಡದ್ದನ್ನ ಆಮೇಲೆ ಕತ್ತರಿಸಬಹುದು, ಹಿಡಿಯದೇ ಬಿಟ್ಟದ್ದನ್ನ ಅಂಟಿಸೋಕಾಗಲ್ಲ.

ಪ್ಯಾಡಿಂಗ್ ಹೆಚ್ಚು ಹಾಕಿದ್ರೆ ಒಂದು ತೊಡಕಿದೆ. ಒಂದಾದಮೇಲೊಂದು ಎರಡು ಕಾರ್ಯಕ್ರಮ ಬೇರೆ ಬೇರೆ ಚಾನೆಲ್‌ಗಳಲ್ಲಿ ಹಿಡಿಯೋದಿದ್ರೆ ಮೊದಲನೆಯದರ ಕೊನೆ, ಎರಡನೆಯದರ ಶುರು ಒಂದರ ಮೇಲೊಂದು ಬರುತ್ತವೆ. ಎರಡೂ ಒಂದೇ ಫ್ರೀಕ್ವೆನ್ಸಿಯಲ್ಲಿದ್ರೆ ಒಂದೇ ಟ್ಯೂನರ್‌ನಲ್ಲಿ ಎರಡನ್ನೂ ಹಿಡಿಯೋಕೆ ಹಲವು ತಂತ್ರಾಂಶಗಳಿಗೆ ಬರುತ್ತೆ. ಬೇರೆ ಬೇರೆ ಫ್ರೀಕ್ವೆನ್ಸಿ ಆದ್ರೆ ಒಂದು ಹೋಗುತ್ತೆ. ಹಾಗಾದಾಗ ಯಾವುದು ಮುಖ್ಯ ಅಂತ ಆದ್ಯತೆ ಕೊಡೋ ಆಯ್ಕೆ ಇದೆಯಾ ನೋಡ್ಕೊಳ್ಳಿ.

‘ಕಾರ್ಯಕ್ರಮ ನಿಜಕ್ಕೂ ಶುರುವಾದಾಗಲೇ ಶುರು ಮಾಡು ಅಂತ ಹೇಳೋಕಾಗಲ್ವಾ?’ ಅಂತ ನೀವು ಕೇಳಬಹುದು. ಆಗುತ್ತೆ. ಸಿಗ್ನಲ್‌ನ ‘ಈಗ–ಮುಂದೆ’ ಕೋಷ್ಟಕದಲ್ಲಿ ‘ಇದು ಈಗ ನಡೀತಿದೆ’ ಅನ್ನೋ ಗುರುತಿಗೂ ಜಾಗ ಇದೆ. ಟಿವಿಹೆಡೆಂಡ್‌ನಲ್ಲಿ ಅದನ್ನ ನೋಡಿ ರೆಕಾರ್ಡ್ ಮಾಡೋ ಆಯ್ಕೆಯೂ ಇದೆ. ಆದರೆ ಪ್ರಸಾರ ಮಾಡೋರು ಆ ಗುರುತನ್ನ ಹೊತ್ತಿಗೆ ಸರಿಯಾಗಿ ಬದಲಿಸಿದ್ರೆ ಮಾತ್ರ ಪ್ರಯೋಜನ. ಬದಲಿಸ್ತಾರೆ ಅಂತ ಖಾತ್ರಿ ಇಲ್ಲದೇ ಇದ್ರೆ ಪ್ಯಾಡಿಂಗನ್ನೇ ನಂಬಿ.

ಕೊನೇದು, ಕಂಪ್ಯೂಟರ್ ನಿದ್ದೆ. ಬೆಳಗಿನ ಜಾವ 5:30ಕ್ಕೆ ಲ್ಯಾಪ್‌ಟಾಪ್ ಮುಚ್ಚಿಟ್ಟಿದ್ರೆ ಗೈಡ್ ಎಷ್ಟು ಸರಿ ಇದ್ರೂ ಏನೂ ಉಪಯೋಗ ಇಲ್ಲ. ವಿಂಡೋಸ್‌ನ ಪವರ್ ಆಯ್ಕೆಗಳಲ್ಲಿ ‘ವೇಕ್ ಟೈಮರ್’ ಅಂತ ಇರುತ್ತೆ, ಅದನ್ನ ಆನ್ ಮಾಡಿದ್ರೆ ತಂತ್ರಾಂಶ ಕಂಪ್ಯೂಟರನ್ನ ಎಬ್ಬಿಸಬಹುದು. ಮುಖ್ಯವಾದ ಕಾರ್ಯಕ್ರಮ ಆದ್ರೆ ನಾನು ಅದನ್ನೂ ನಂಬಲ್ಲ. ಚಾರ್ಜರ್ ಚುಚ್ಚಿ, ಸ್ಲೀಪ್ ಆಫ್ ಮಾಡಿ, ಮುಚ್ಚಳ ತೆಗೆದೇ ಇಡ್ತೀನಿ. ಹಿಂದಿನ ದಿನ ಎರಡು ನಿಮಿಷದ ಒಂದು ಪರೀಕ್ಷೆ ರೆಕಾರ್ಡಿಂಗನ್ನೂ ಮಾಡ್ತೀನಿ.

ಒಂದು ಎಚ್ಚರಿಕೆ ಹೇಳಿಬಿಡ್ತೀನಿ. ಗೈಡ್ ಫೈಲ್ ಹುಡುಕೋಕೆ ಹೋದ್ರೆ ‘ಎಲ್ಲ ಚಾನೆಲ್ ಫ್ರೀ’ ಅಂತ ಕದ್ದ ಪ್ರಸಾರದ ಪಟ್ಟಿಗಳೂ ಜೊತೆಗೇ ಸಿಗುತ್ತವೆ. ಅವುಗಳ ಹತ್ತಿರ ಹೋಗಬೇಡಿ. ನಿಮಗೆ ನ್ಯಾಯವಾಗಿ ಬರ್ತಿರೋ ಚಾನೆಲ್ಲನ್ನ ನಿಮ್ಮ ಸ್ವಂತ ಬಳಕೆಗೆ ರೆಕಾರ್ಡ್ ಮಾಡ್ಕೊಳ್ಳೋಕೆ 1957ರ ಕೃತಿಸ್ವಾಮ್ಯ ಕಾಯ್ದೆಯ 39ನೇ ಕಲಂನಲ್ಲಿ ಅವಕಾಶ ಇದೆ. ಅದನ್ನ ತೆಗೆದು ಯೂಟ್ಯೂಬಿಗೆ ಹಾಕೋದು ಬೇರೆ ಮಾತು, ಅದು ಸ್ವಂತ ಬಳಕೆ ಆಗಲ್ಲ.

ಗುರುವಾರ ಏನಾಯ್ತು?

ಬುಧವಾರ ರಾತ್ರಿ ಪಟ್ಟಿ ಹಾಕ್ಕೊಂಡೆ. ಚಾನೆಲ್ ಹೊಂದಿಕೆ ಸರಿ ಇದೆಯಾ? ಈಗ ಬರ್ತಿರೋದಕ್ಕೂ ಗೈಡಿಗೂ ತಾಳೆ ಆಗುತ್ತಾ? ಮುಂಚೆ 5, ಆಮೇಲೆ 30 ನಿಮಿಷ ಹಾಕಿದೀನಾ? ಡಿಸ್ಕಿನಲ್ಲಿ ಜಾಗ ಇದೆಯಾ? ಸ್ಲೀಪ್ ಆಫ್ ಆಗಿದೆಯಾ? ಐದೇ ಪ್ರಶ್ನೆ. ನೀವೂ ಬೇಕಾದ್ರೆ ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ.

ಆದರೂ ನಿದ್ದೆ ಬರಲಿಲ್ಲ. 5:20ಕ್ಕೇ ಎದ್ದು ಲ್ಯಾಪ್‌ಟಾಪ್ ಎದುರು ಕೂತೆ. 5:25ಕ್ಕೆ ರೆಕಾರ್ಡಿಂಗ್ ಶುರುವಾಯ್ತು. ಕಾರ್ಯಕ್ರಮ ಬಂದದ್ದು 5:34ಕ್ಕೆ, ಮುಗಿದದ್ದು 6:04ಕ್ಕೆ. ಪ್ಯಾಡಿಂಗ್ ಇಲ್ಲದಿದ್ರೆ ಈ ಸಲವೂ ಅಜ್ಜಿ ಪದದ ಕೊನೆಯ ನಾಲ್ಕು ನಿಮಿಷ ಹೋಗ್ತಿತ್ತು. ಈ ಸಲ ಪೂರ್ತಿ ಬಂತು.

ಫೈಲನ್ನ ಪೆನ್‌ಡ್ರೈವಿಗೆ ಹಾಕ್ಕೊಂಡು ಆ ಭಾನುವಾರ ಊರಿಗೆ ಹೋದೆ. ದೊಡ್ಡಮ್ಮ ನನ್ನನ್ನ ಮನೆ ಒಳಗೆ ಕೂಡ ಕರೀಲಿಲ್ಲ, ಸೀದಾ ಅಜ್ಜಿ ಮನೆಗೆ ಕರ್ಕೊಂಡು ಹೋದ್ರು. ಅಜ್ಜಿ ಮಲಗಿದ್ದಲ್ಲೇ ಲ್ಯಾಪ್‌ಟಾಪ್ ಇಟ್ಟು ತೋರಿಸಿದ್ವಿ. ತಮ್ಮ ಪದ ಬಂದಾಗ ಅವರು ತುಟಿ ಆಡಿಸಿದ್ರು, ದನಿ ಬರಲಿಲ್ಲ. ಮುಗಿದಮೇಲೆ ಕೇಳಿದ್ರು: ‘ಇನ್ನೊಂದ್ಸಲ ಬತ್ತದಾ ಮಗ?’

‘ಬತ್ತದೆ ಅಜ್ಜಿ. ಎಷ್ಟು ಸಲ ಬೇಕಾದ್ರೂ’ ಅಂದೆ.

ಇವತ್ತಿಗೆ ಇಷ್ಟು. ನಿಮ್ಮ ಮನೆಯವರು ಯಾರಾದ್ರೂ ಟಿವಿಯಲ್ಲಿ ಬರೋರಿದ್ರೆ ಆ ಐದು ಪ್ರಶ್ನೆಗಳನ್ನ ಹಿಂದಿನ ರಾತ್ರಿಯೇ ಕೇಳ್ಕೊಳ್ಳಿ.